ಹಗ್ಗಕ್ಕೆ ಜಗ್ಗದ ಎಂಜಿನ್: ಕಡಲಿಗೆ ಬಿದ್ದ ಔಟ್‌ಬೋರ್ಡ್ ಬಿಚ್ಚಿ ಕಟ್ಟಿದ ಕಥೆ

ಚಾಲು ಮಾಡಲು ಹಗ್ಗ ಎಳೆದಾಗ ಅಲುಗದ ಎಂಜಿನ್‌ಗಳೆಲ್ಲ ಸೀಜ್ ಆದವುಗಳಲ್ಲ, ಎಂದರೆ ಒಳಗಿನ ಪಿಸ್ಟನ್ ಸಿಲಿಂಡರಿಗೆ ಕಚ್ಚಿ ನಿಂತವುಗಳಲ್ಲ. ದೋಣಿಯ ಹಿಂಬದಿಗೆ ಕಟ್ಟುವ ನಮ್ಮ ಔಟ್‌ಬೋರ್ಡ್ ಎಂಜಿನ್ ನಿಜವಾಗಿಯೂ ಸೀಜ್ ಆಗಿತ್ತು, ಆ ಮಾತು ಬೇರೆ. ಆದರೆ ಅದು ಖಾತ್ರಿಯಾಗುವ ಮೊದಲೇ ಅಂಗಳಕ್ಕೆ ಬಂದವರೆಲ್ಲ ತೀರ್ಪು ಕೊಟ್ಟು ಮುಗಿಸಿದ್ದರು. ಗುಜರಿಗೆ ಹಾಕಿ ಎಂದವರು ಒಬ್ಬರು, ಎಂಜಿನ್ನಿನ ಮೇಲ್ತುದಿಯಲ್ಲಿ ತಿರುಗುವ ಚಕ್ರವಾದ ಫ್ಲೈವೀಲ್‌ಗೆ ನಾಲ್ಕು ಸುತ್ತಿಗೆ ಏಟು ಹಾಕಿ ಎಂದವರು ಇನ್ನೊಬ್ಬರು, ಹಗ್ಗವನ್ನು ಬೈಕಿಗೆ ಕಟ್ಟಿ ಎಳೆಯಿರಿ ಎಂದ ಮಹಾನುಭಾವರೂ ಇದ್ದರು. ಈಗ ಎಂಜಿನ್ ಓಡುತ್ತಿದೆ. ಮಳೆಗಾಲದ ಹೊತ್ತಿಗೆ ಇದೇ ಪಾಡು ಪಡುವ ದೋಣಿಯವರು ಇನ್ನೂ ಇದ್ದಾರೆ ಎಂದು ಗೊತ್ತಿರುವುದರಿಂದ, ಕಂಡದ್ದನ್ನು ಕಂಡ ಕ್ರಮದಲ್ಲಿ ಬರೆದಿಡುತ್ತಿದ್ದೇನೆ.

ನಮ್ಮದು ಗಂಗೊಳ್ಳಿ ಕಡೆಯ ನಾಡದೋಣಿ. ದೋಣಿ ಭಾವನದು, ಎಂಜಿನ್‌ನಲ್ಲಿ ನನ್ನ ಪಾಲೂ ಇದೆ. ಎರಡು ಸಿಲಿಂಡರಿನ ಟೂ ಸ್ಟ್ರೋಕ್, 9.9 ಅಶ್ವಶಕ್ತಿ, ಪೆಟ್ರೋಲಿನಲ್ಲಿ ಚಾಲು ಮಾಡಿ ಬಿಸಿಯಾದ ಮೇಲೆ ಸೀಮೆಎಣ್ಣೆಗೆ ಬದಲಾಯಿಸುವಂಥದ್ದು. ಕರಾವಳಿಯಲ್ಲಿ ಈ ಅಳತೆಯ ಎಂಜಿನ್ ಇಷ್ಟೊಂದು ಇರುವುದಕ್ಕೆ ಕಾರಣವಿದೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಬೋಟುಗಳು ಕಡಲಿಗೆ ಇಳಿಯುವಂತಿಲ್ಲ. ಎಂಜಿನ್ ಇಲ್ಲದ, ಇಲ್ಲವೇ 10 ಅಶ್ವಶಕ್ತಿಯವರೆಗಿನ ಎಂಜಿನ್ ಕಟ್ಟಿದ ನಾಡದೋಣಿಗಳಿಗೆ ಮಾತ್ರ ಅವಕಾಶ. ದೊಡ್ಡ ಬೋಟುಗಳು ಬಂದರಿನಲ್ಲಿ ಲಂಗರು ಹಾಕಿರುವ ಆ ಎರಡು ತಿಂಗಳೇ ನಮ್ಮ ಸುಗ್ಗಿ. ತೂಫಾನ್ ಎದ್ದು ಇಳಿದ ಮೇಲೆ ದಡದ ಹತ್ತಿರ ಬರುವ ಸಿಗಡಿ, ಬಂಗುಡೆಗಳನ್ನು ನಂಬಿ ಇಡೀ ವರ್ಷದ ಸಾಲದ ಲೆಕ್ಕ ನಿಂತಿರುತ್ತದೆ. ಆಗ ಎಂಜಿನ್ ಇಲ್ಲವೆಂದರೆ ದೋಣಿಯೂ ಇಲ್ಲ.

ಕಳೆದ ಮಳೆಗಾಲದ ಕೊನೆಯಲ್ಲಿ ಅಳಿವೆ ದಾಟುವಾಗ ಅಲೆಗೆ ಸಿಕ್ಕಿ ದೋಣಿ ಮಗುಚಿತು. ದೋಣಿಯಲ್ಲಿದ್ದವರೆಲ್ಲ ಈಜಿ ದಡ ಸೇರಿದರು. ಬೇರೆ ದೋಣಿಯವರು ಹಗ್ಗ ಎಸೆದು ಕೈ ಹಿಡಿದರು. ಜನ ಉಳಿದ ಸಂತೋಷದಲ್ಲಿ ಎಂಜಿನ್ ಯಾರಿಗೆ ಬೇಕು? ಅದು ಮಗುಚಿದ ದೋಣಿಯ ಹಿಂಬದಿಯಲ್ಲೇ ತೂಗಾಡಿಕೊಂಡು ಇಡೀ ರಾತ್ರಿ ಉಪ್ಪುನೀರಿನಲ್ಲಿ ಕಳೆಯಿತು. ಮರುದಿನ ಎಳೆದು ತಂದಾಗ ಒಬ್ಬ ಮೆಕ್ಯಾನಿಕ್ ಬಂದು ಮೇಲಿನಿಂದ ಸಿಹಿನೀರು ಹೊಯ್ದು, ಪ್ಲಗ್ ತೂತುಗಳಿಗೆ ಎಣ್ಣೆ ಸುರಿದು, ಹಗ್ಗ ಎಳೆದು ತಿರುಗಿಸಿ ತೋರಿಸಿ, ಇನ್ನು ಭಯವಿಲ್ಲ ಎಂದು ಹೇಳಿ ಹೋದರು. ಆಗ ಅದು ಸರಾಗವಾಗಿ ತಿರುಗುತ್ತಿತ್ತು. ಕೈಯಲ್ಲಿದ್ದ ಹಣವೆಲ್ಲ ದೋಣಿಯ ಹಲಗೆಗೂ ಹರಿದ ಬಲೆಗೂ ಹೋಯಿತು. ಎಂಜಿನ್ ಶೆಡ್ಡಿನಲ್ಲಿ ಗೋಣಿ ಹೊದ್ದು ನಿಂತಿತು. ಏಪ್ರಿಲ್‌ನಲ್ಲಿ ಗೋಣಿ ತೆಗೆದು ಹಗ್ಗ ಎಳೆದರೆ ಕಲ್ಲು ಎಳೆದಂತಾಯಿತು.

ಮುಳುಗಿದ ಎಂಜಿನ್ ವಿಷಯದಲ್ಲಿ ನಾನು ಈಗ ಕಲಿತದ್ದನ್ನು ಇಲ್ಲೇ ಹೇಳಿಬಿಡುತ್ತೇನೆ, ಏಕೆಂದರೆ ಇದನ್ನು ಓದುವವರಲ್ಲಿ ಯಾರಿಗಾದರೂ ಇವತ್ತೇ ಬೇಕಾಗಬಹುದು. ಟೂ ಸ್ಟ್ರೋಕ್ ಎಂಜಿನ್‌ಗೆ ಕಾರಿನ ಎಂಜಿನ್‌ನಂತೆ ಬೇರೆ ಎಣ್ಣೆಯ ತೊಟ್ಟಿ ಇಲ್ಲ. ಇಂಧನದಲ್ಲಿ ಬೆರೆಸಿದ ಎಣ್ಣೆಯೇ ಕ್ರ್ಯಾಂಕ್‌ಶಾಫ್ಟ್ ತಿರುಗುವ ಗೂಡಾದ ಕ್ರ್ಯಾಂಕ್‌ಕೇಸ್ ಒಳಗೆ ಹಾದು ಬೇರಿಂಗುಗಳನ್ನು ನೆನೆಸಬೇಕು. ಮೇಲಿನಿಂದ ಎಷ್ಟು ನೀರು ಹೊಯ್ದರೂ ಕ್ರ್ಯಾಂಕ್‌ಕೇಸಿನೊಳಗೆ ಉಳಿದ ಉಪ್ಪು ಹೋಗುವುದಿಲ್ಲ. ನೀರಿನಿಂದ ಎತ್ತಿದ ದಿನವೇ ಸಿಹಿನೀರಿನಲ್ಲಿ ಚೆನ್ನಾಗಿ ತೊಳೆದು, ಪ್ಲಗ್ ಬಿಚ್ಚಿ ನೀರನ್ನೆಲ್ಲ ಹೊರಹಾಕಿ, ಕಾರ್ಬ್ಯುರೇಟರ್ ಖಾಲಿ ಮಾಡಿ, ಎಣ್ಣೆ ಊಡಿಸಿ, ಎಂಜಿನ್ನನ್ನು ಚಾಲು ಮಾಡಿ ಅರ್ಧ ಗಂಟೆಯಾದರೂ ಓಡಿಸಬೇಕು. ಒಳಗಿನ ತೇವ ಆ ಬಿಸಿಗೆ ಆರಬೇಕು. ಅದು ಆ ದಿನ ಆಗದಿದ್ದರೆ, ಕೇಳಲು ವಿಚಿತ್ರವೆನಿಸಿದರೂ, ಮೆಕ್ಯಾನಿಕ್ ಬರುವ ತನಕ ಎಂಜಿನ್ನನ್ನು ಸಿಹಿನೀರಿನ ತೊಟ್ಟಿಯಲ್ಲಿ ಮುಳುಗಿಸಿಡುವುದೇ ಲೇಸು. ತುಕ್ಕಿಗೆ ನೀರಿನ ಜೊತೆ ಗಾಳಿಯೂ ಬೇಕು. ಒದ್ದೆ ಎಂಜಿನ್ನನ್ನು ಗಾಳಿಗಿಟ್ಟಾಗಲೇ ಅದು ಓಡೋಡಿ ಬರುತ್ತದೆ. ಇನ್ನೊಂದು: ಓಡುತ್ತಿರುವಾಗಲೇ ಮುಳುಗಿದ್ದರೆ, ಇಲ್ಲವೇ ಒಳಗೆ ಮರಳು ಹೋಗಿದ್ದರೆ, ಹಗ್ಗ ಎಳೆಯಲೇಬಾರದು. ನೀರು ಒತ್ತಿಕೊಳ್ಳುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ.

ಈಗ ಪರೀಕ್ಷೆಯ ಕಥೆ. ಕುಂದಾಪುರದ ಹತ್ತಿರ ಇರುವ ಹಿರಿಯ ಮೆಕ್ಯಾನಿಕ್ ಒಬ್ಬರಿಗೆ ಫೋನ್ ಮಾಡಿದೆ. ಏಪ್ರಿಲ್, ಮೇ ತಿಂಗಳೆಂದರೆ ಅವರ ಶೆಡ್ಡಿನ ಮುಂದೆ ಎಂಜಿನ್‌ಗಳ ಸಾಲು. ಬರಲು ಪುರಸೊತ್ತಿಲ್ಲ, ಫೋನಿನಲ್ಲೇ ಹೇಳುತ್ತೇನೆ, ನೀವೇ ನೋಡಿ ಎಂದರು. "ಬೋಲ್ಟ್ ಮುರಿದ ಮೇಲೆ ಕರೆಯಬೇಡಿ, ಮುರಿಯುತ್ತದೆ ಅನಿಸಿದಾಗ ಕರೆಯಿರಿ" ಎಂಬುದು ಅವರ ಮೊದಲ ಷರತ್ತು.

ಮೊದಲು ಗೇರ್ ನೋಡಲು ಹೇಳಿದರು. ಗೇರ್‌ನಲ್ಲಿದ್ದಾಗ ಎಂಜಿನ್ ಚಾಲು ಆಗದಂತೆ ಹಗ್ಗದ ರಾಟೆಯನ್ನು ತಡೆಯುವ ಒಂದು ಕೊಂಡಿ ಇರುತ್ತದೆ. ಅದರ ಕೇಬಲ್ ತುಕ್ಕು ಹಿಡಿದರೆ ನ್ಯೂಟ್ರಲ್‌ನಲ್ಲಿದ್ದರೂ ಹಗ್ಗ ಬರುವುದಿಲ್ಲ. ಎಷ್ಟೋ ಎಂಜಿನ್‌ಗಳು ಈ ಒಂದು ಕೊಂಡಿಯ ದೆಸೆಯಿಂದ ಸೀಜ್ ಎನಿಸಿಕೊಂಡು ಶೆಡ್ಡಿಗೆ ಬರುತ್ತವೆ ಎಂದು ನಕ್ಕರು. ಆಮೇಲೆ ಹಗ್ಗದ ರಾಟೆಯನ್ನೇ ಬಿಚ್ಚಿ ಬದಿಗಿಟ್ಟೆ. ಅದರ ಸ್ಪ್ರಿಂಗ್ ಸಿಕ್ಕಿಕೊಂಡಿದ್ದರೂ ಇದೇ ಲಕ್ಷಣ. ರಾಟೆ ಕೈಯಲ್ಲಿ ಸಲೀಸಾಗಿ ತಿರುಗಿತು, ಎಂದರೆ ದೋಷ ಅಲ್ಲಿಲ್ಲ. ಪ್ಲಗ್‌ಗಳನ್ನು ಬಿಚ್ಚಿದೆ, ಸಿಲಿಂಡರಿನಲ್ಲಿ ನೀರೋ ಎಣ್ಣೆಯೋ ತುಂಬಿದ್ದರೆ ಅದೂ ಎಂಜಿನ್ನನ್ನು ಹಿಡಿದು ನಿಲ್ಲಿಸುತ್ತದೆ. ಮೇಲಿನ ಪ್ಲಗ್ ಎಣ್ಣೆಯಿಂದ ಕಪ್ಪಾಗಿತ್ತು. ಕೆಳಗಿನದರ ತುದಿಯಲ್ಲಿ ಕೆಂಪು ಹುಡಿ. ಬೆರಳಿಗೆ ಹಚ್ಚಿ ಉಜ್ಜಿದರೆ ಅಪ್ಪಟ ತುಕ್ಕು. ಅಲ್ಲಿಗೆ ಅರ್ಧ ಉತ್ತರ ಸಿಕ್ಕಿತು. ಫ್ಲೈವೀಲ್‌ನ ನಟ್ಟಿಗೆ ಪಾನಾ ಹಾಕಿ ಪ್ರದಕ್ಷಿಣೆಯ ದಿಕ್ಕಿನಲ್ಲಿ ಮೆಲ್ಲಗೆ ಒತ್ತಿದೆ. ಮಿಸುಕಲಿಲ್ಲ. ಹಿಮ್ಮುಖವಾಗಿ ತಿರುಗಿಸಬಾರದು: ನಟ್ಟು ಸಡಿಲವಾಗುತ್ತದೆ, ಕೆಳಗಿನ ನೀರಿನ ಪಂಪಿನ ರಬ್ಬರ್ ರೆಕ್ಕೆಗಳೂ ಮಡಚಿಕೊಳ್ಳುತ್ತವೆ.

ಆದರೂ ಪಿಸ್ಟನ್ ಹಿಡಿದಿದೆ ಎಂದು ತೀರ್ಮಾನಿಸಲು ಅವರು ಬಿಡಲಿಲ್ಲ. ಪ್ರೊಪೆಲ್ಲರ್ ಇರುವ ಕೆಳಗಿನ ಗೇರ್ ಕೇಸ್ ಹಿಡಿದಿದ್ದರೂ ಮೇಲಿನ ಫ್ಲೈವೀಲ್ ತಿರುಗುವುದಿಲ್ಲ. ಎರಡನ್ನೂ ಜೋಡಿಸುವ ಡ್ರೈವ್ ಶಾಫ್ಟ್ ಒಂದೇ ತಾನೇ. ಅದನ್ನು ಬೇರ್ಪಡಿಸಿ ನೋಡಬೇಕು. ಕೇಳಲು ಸುಲಭ. ಗೇರ್ ಬದಲಾಯಿಸುವ ಸರಳನ್ನು ಕಳಚಿ, ಬೋಲ್ಟ್‌ಗಳನ್ನು ಬಿಚ್ಚಿದರೆ ಗೇರ್ ಕೇಸ್ ತಾನಾಗಿ ಕೆಳಗೆ ಜಾರಬೇಕು. ನಮ್ಮದು ಜಾರಲಿಲ್ಲ. ಶಾಫ್ಟಿನ ಮೇಲ್ತುದಿಯ ಹಲ್ಲುಗಳು ಕ್ರ್ಯಾಂಕ್‌ಶಾಫ್ಟಿನ ಹೊಟ್ಟೆಯೊಳಗೆ ತುಕ್ಕಿನಿಂದ ಬೆಸೆದುಕೊಂಡಿದ್ದವು. ಸಂದಿನಲ್ಲಿ ತುಕ್ಕು ಬಿಡಿಸುವ ಎಣ್ಣೆ ಸಿಂಪಡಿಸುವುದು, ಮರದ ಬೆಣೆಗಳನ್ನು ಎರಡೂ ಬದಿಗಳಲ್ಲಿ ಸಮನಾಗಿ ತೂರಿಸಿ ಬಿಡುವುದು, ಮರುದಿನ ಮತ್ತೆ ನೋಡುವುದು. ಕಬ್ಬಿಣದ ಸರಳು ಹಾಕಿ ಮೀಟಿದರೆ ಅಲ್ಯೂಮಿನಿಯಂ ಕೇಸಿನ ಅಂಚು ಮುರಿಯುತ್ತದೆ. ಆ ಅಂಚು ಮುರಿದರೆ ಗೇರ್ ಕೇಸ್ ಹೊಸದೇ ಬೇಕು. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ, ಯಾರೂ ಮುಟ್ಟದೆಯೇ ಅದು ಧಡಕ್ಕನೆ ಕೆಳಗಿನ ಟಯರಿನ ಮೇಲೆ ಬಿತ್ತು. ಮನೆಯಲ್ಲಿ ಎಲ್ಲರೂ ಓಡಿ ಬಂದರು.

ಗೇರ್ ಕೇಸ್ ಬೇರೆಯಾದ ಮೇಲೆ ಡ್ರೈವ್ ಶಾಫ್ಟ್ ಕೈಯಲ್ಲಿ ತಿರುಗಿತು, ಪ್ರೊಪೆಲ್ಲರೂ ತಿರುಗಿತು. ಮೇಲಿನ ಫ್ಲೈವೀಲ್ ಹಾಗೇ ನಿಂತಿತ್ತು. ಈಗ ಖಾತ್ರಿ: ಹಿಡಿದಿರುವುದು ಮೇಲಿನ ಎಂಜಿನ್ನೇ. ಗೇರ್ ಕೇಸಿನ ಎಣ್ಣೆ ಇಳಿಸಿದರೆ ಬೂದು ಮಿಶ್ರಿತ ಬಿಳಿ ಬಣ್ಣಕ್ಕೆ ತಿರುಗಿತ್ತು, ಅಂದರೆ ಸೀಲ್ ಮೂಲಕ ನೀರು ಸೇರಿದೆ. ಆ ಕೆಲಸವೂ ಪಟ್ಟಿಗೆ ಸೇರಿತು.

ಮೊಬೈಲಿಗೆ ಜೋಡಿಸುವ ಸಣ್ಣ ಕ್ಯಾಮೆರಾ ತಂತಿ ಒಂದು ಸಾವಿರ ರೂಪಾಯಿಯ ಒಳಗೆ ಸಿಗುತ್ತದೆ. ತೆಗೆದುಕೊಳ್ಳಿ, ಇಷ್ಟು ಉಪಯೋಗದ ಸಾಧನವನ್ನು ನಾನು ಬೇರೆ ಕಂಡಿಲ್ಲ. ಪ್ಲಗ್ ತೂತಿನಿಂದ ಒಳಗೆ ಇಳಿಸಿ ನೋಡಿದರೆ ಮೇಲಿನ ಸಿಲಿಂಡರಿನ ಗೋಡೆ ಮಂಕಾಗಿದ್ದರೂ ನುಣುಪಾಗಿತ್ತು. ಕೆಳಗಿನದರಲ್ಲಿ ಪಿಸ್ಟನ್ ಅರ್ಧ ದಾರಿಯಲ್ಲಿ ನಿಂತಿತ್ತು, ಅದರ ಅಂಚಿಗೆ ತಾಗಿಕೊಂಡು ಗೋಡೆಯ ಸುತ್ತ ಕಂದುಬಣ್ಣದ ಒಂದು ಪಟ್ಟಿ. ಪಟ್ಟಿಯ ಕೆಳಭಾಗದಲ್ಲಿ ತುಕ್ಕು ದಪ್ಪಗಟ್ಟಿತ್ತು, ಮೇಲಕ್ಕೆ ಹೋದಂತೆ ತೆಳು. ನೀರು ಎಲ್ಲಿಯವರೆಗೆ ನಿಂತಿತ್ತೆಂದು ಗೆರೆ ಎಳೆದು ತೋರಿಸಿದ ಹಾಗಿತ್ತು. ಭಾವ ಆ ಪರದೆಯನ್ನು ಬಹಳ ಹೊತ್ತು ನೋಡಿದ. ಮಾತನಾಡಲಿಲ್ಲ. ಹೊಸ ಎಂಜಿನ್ ಎಂದರೆ ಲಕ್ಷದ ಮೇಲಿನ ಮಾತು, ಸಂಘದಲ್ಲಿ ಹಳೆಯ ಸಾಲವೇ ತೀರಿಲ್ಲ.

ನಂತರ ಎಣ್ಣೆ ಕುಡಿಸುವ ಕೆಲಸ. ಇಲ್ಲಿ ಬಹಳ ಜನ ಎಡವುತ್ತಾರೆ. ಎಂಜಿನ್ ನೆಟ್ಟಗೆ ನಿಂತಿರುವಾಗ ಅದರ ಸಿಲಿಂಡರ್‌ಗಳು ಅಡ್ಡ ಮಲಗಿರುತ್ತವೆ, ಪ್ಲಗ್‌ಗಳು ಹಿಂದಕ್ಕೆ ಮುಖ ಮಾಡಿರುತ್ತವೆ. ಆ ಸ್ಥಿತಿಯಲ್ಲಿ ಎಣ್ಣೆ ಹೊಯ್ದರೆ ತಳದ ಒಂದು ಬದಿಗೆ ತಾಗಿ ಹೊರಗೆ ಹರಿಯುತ್ತದೆ. ಪಿಸ್ಟನ್ನಿನ ಮೇಲರ್ಧಕ್ಕೆ ಒಂದು ಹನಿಯೂ ಮುಟ್ಟುವುದಿಲ್ಲ. ಕಾರ್ಬ್ಯುರೇಟರ್ ಬಿಚ್ಚಿ ತೆಗೆದು, ಹ್ಯಾಂಡಲ್ ಇರುವ ಮುಂಭಾಗ ಕೆಳಗೆ ಬರುವಂತೆ ಎಂಜಿನ್ನನ್ನು ಹಳೆಯ ಟಯರುಗಳ ಮೇಲೆ ಮಲಗಿಸಿದೆವು. ಆಗ ಪ್ಲಗ್ ತೂತುಗಳು ಆಕಾಶ ನೋಡುತ್ತವೆ, ಸಿಲಿಂಡರ್‌ಗಳು ನೆಟ್ಟಗಾಗುತ್ತವೆ, ಹೊಯ್ದ ಎಣ್ಣೆ ಪಿಸ್ಟನ್ನಿನ ತಲೆಯ ಮೇಲೆ ನಿಲ್ಲುತ್ತದೆ. ಡೀಸೆಲ್ ಮತ್ತು ಕಾರಿನ ಆಟೊಮ್ಯಾಟಿಕ್ ಗೇರ್ ಎಣ್ಣೆಯನ್ನು ಸಮಭಾಗ ಬೆರೆಸಿ ಹೊಯ್ದೆವು. ಅಂಗಡಿಯಲ್ಲಿ ಸಿಗುವ ಸಿಂಪಡಿಸುವ ಡಬ್ಬಿಯ ಎಣ್ಣೆಯೂ ಆಗುತ್ತದೆ, ದುಬಾರಿ ಅಷ್ಟೆ. ಪ್ರತಿದಿನ ಬೆಳಿಗ್ಗೆ ಎಷ್ಟು ಇಳಿದಿದೆ ನೋಡಿ ತುಂಬಿಸುವುದು. ಮೇಲಿನ ಸಿಲಿಂಡರ್ ಬೇಗ ಕುಡಿಯಿತು. ಕೆಳಗಿನದು ಮೊದಲು ಕುಡಿಯಲೇ ಇಲ್ಲ; ಆಮೇಲೆ ಒಂದು ಬೆಳಿಗ್ಗೆ ಮಟ್ಟ ತುಸು ತಗ್ಗಿದ್ದು ಕಂಡಾಗ ಮನೆಯವರಿಗೆಲ್ಲ ಕರೆದು ತೋರಿಸಿದೆ. ಇಷ್ಟಕ್ಕೆ ಇಷ್ಟು ಸಂಭ್ರಮವೇ ಎಂದು ಅಕ್ಕ ಕೇಳಿದಳು.

ಕಾಯುವುದೇ ಈ ಕೆಲಸದ ಕಷ್ಟದ ಭಾಗ. ಅಕ್ಕಪಕ್ಕದ ಅಂಗಳಗಳಲ್ಲಿ ಎಂಜಿನ್‌ಗಳನ್ನು ಡ್ರಮ್ಮಿನ ನೀರಿನಲ್ಲಿ ಇಳಿಸಿ ಓಡಿಸಿ ನೋಡುವ ಶಬ್ದ ಸಂಜೆಯ ಹೊತ್ತು ಕೇಳುತ್ತಿತ್ತು. ಮೇ ತಿಂಗಳ ಕೊನೆ ಹತ್ತಿರವಾದಷ್ಟೂ ಸುತ್ತಿಗೆಯ ಸಲಹೆಗಳು ಹೆಚ್ಚಾದವು. ಫ್ಲೈವೀಲ್‌ನ ಒಳಮೈಯಲ್ಲಿ ಅಯಸ್ಕಾಂತಗಳನ್ನು ಅಂಟಿಸಿರುತ್ತಾರೆ. ಹೊಡೆದರೆ ಅವು ಕಳಚಿ ಕೆಳಗಿನ ಕಾಯಿಲ್‌ಗಳನ್ನು ಪುಡಿ ಮಾಡುತ್ತವೆ. ಉದ್ದದ ಪೈಪ್ ಹಾಕಿ ತಿರುಗಿಸಿದರೆ ಫ್ಲೈವೀಲ್‌ನ ಚಾವಿ (ಅದನ್ನು ಶಾಫ್ಟಿಗೆ ಕೂರಿಸುವ ಸಣ್ಣ ಕೀಲು) ತುಂಡಾಗುತ್ತದೆ, ಇಲ್ಲವೇ ಎಂಜಿನ್ ತಿರುಗಿಯೇ ತಿರುಗಿ, ತುಕ್ಕಿಗೆ ಅಂಟಿದ, ಪಿಸ್ಟನ್ ಸುತ್ತಲಿನ ರಿಂಗ್ ಒಡೆದು ಸಿಲಿಂಡರಿನ ಕಿಂಡಿಗಳೊಳಗೆ ಸಿಕ್ಕಿಕೊಳ್ಳುತ್ತದೆ. ಸೀಜ್ ಆದ ಎಂಜಿನ್‌ನಲ್ಲಿ ಕಡಲು ಕೆಡಿಸಿದ್ದಕ್ಕಿಂತ ಬಿಡಿಸಲು ಹೋದವರು ಕೆಡಿಸಿದ್ದೇ ಹೆಚ್ಚು ಎಂಬುದು ಆ ಹಿರಿಯ ಮೆಕ್ಯಾನಿಕ್ ಅವರ ಅನುಭವ. ಈಗ ನನ್ನ ಅಭಿಪ್ರಾಯವೂ ಅದೇ.

ಪಟ್ಟಿಯ ಪಾನಾದಿಂದ ಫ್ಲೈವೀಲ್‌ನ ಅಂಚನ್ನು ಹಿಡಿದು ಎರಡೂ ಕಡೆಗೆ ಮೆಲ್ಲಗೆ ಅಲುಗಿಸುವುದನ್ನು ದಿನವೂ ಮಾಡುತ್ತಿದ್ದೆವು. ಗೇರ್ ಕೇಸ್ ಬೇರೆಯಾಗಿದ್ದರಿಂದ ಈಗ ಹಿಮ್ಮುಖಕ್ಕೂ ಅಡ್ಡಿಯಿಲ್ಲ. ವಾರ ಕಳೆದ ಮೇಲೆ ಒಂದು ಸಲ ಕೈಗೆ ತಿಳಿಯುವಷ್ಟು, ಕಣ್ಣಿಗೆ ಕಾಣದಷ್ಟು ಅದು ಹಂದಾಡಿತು. ಫೋನಿನಲ್ಲಿ ಹೇಳಿದ ಕೂಡಲೇ ಅವರು, ಇನ್ನು ಮುಟ್ಟಬೇಡಿ, ಹೆಡ್ (ಸಿಲಿಂಡರಿನ ಮುಚ್ಚಳ) ಬಿಚ್ಚೋಣ, ತನ್ನಿ ಎಂದರು.

ಗೂಡ್ಸ್ ರಿಕ್ಷಾದಲ್ಲಿ ಎಂಜಿನ್ ಕುಂದಾಪುರಕ್ಕೆ ಹೋಯಿತು. ಹೆಡ್ಡಿನ ಬೋಲ್ಟ್‌ಗಳು ಉಕ್ಕಿನವು, ಬ್ಲಾಕ್ ಅಲ್ಯೂಮಿನಿಯಂ; ನಡುವೆ ಉಪ್ಪುನೀರು ಸೇರಿದರೆ ಅಲ್ಯೂಮಿನಿಯಂ ಬಿಳಿ ಹುಡಿಯಾಗಿ ಉಬ್ಬಿ ಎರಡೂ ಒಂದನ್ನೊಂದು ಕಚ್ಚಿಕೊಳ್ಳುತ್ತವೆ. ಗ್ಯಾಸ್ ದೀಪದಿಂದ ಬೋಲ್ಟಿನ ಸುತ್ತಲಿನ ಅಲ್ಯೂಮಿನಿಯಂ ಬಿಸಿ ಮಾಡಿ, ಎಣ್ಣೆ ಹಾಕಿ, ಮೊದಲು ಬಿಗಿಯುವ ದಿಕ್ಕಿಗೆ ಕೂದಲೆಳೆಯಷ್ಟು, ಆಮೇಲೆ ಬಿಚ್ಚುವ ದಿಕ್ಕಿಗೆ, ಮತ್ತೆ ಬಿಗಿಯುವ ದಿಕ್ಕಿಗೆ. ಹೀಗೆ ಅವರು ಒಂದೊಂದು ಬೋಲ್ಟಿಗೂ ಒಂದೊಂದು ಬೀಡಿಯಷ್ಟು ಸಮಯ ಕೊಟ್ಟರು. ಆದರೂ ಹೆಡ್ಡಿನ ಒಂದು, ಎಗ್ಸಾಸ್ಟ್ ಮುಚ್ಚಳದ ಒಂದು ಬೋಲ್ಟ್ ಕುತ್ತಿಗೆಯಲ್ಲಿ ಕಡಿದವು. ಮುಚ್ಚಳಗಳನ್ನು ಮೇಲೆತ್ತಿದಾಗ ಬೋಲ್ಟಿನ ತುಂಡು ಬ್ಲಾಕಿನಿಂದ ಸ್ವಲ್ಪ ಹೊರಗೆ ಚಾಚಿಕೊಂಡಿತ್ತು. ಅದರ ಮೇಲೆ ಒಂದು ನಟ್ಟು ಇಟ್ಟು, ನಟ್ಟಿನ ತೂತಿನೊಳಗೆ ವೆಲ್ಡಿಂಗ್ ತುಂಬಿಸಿದರು. ಉಕ್ಕು ಉಕ್ಕಿಗೆ ಅಂಟುತ್ತದೆ, ಅಲ್ಯೂಮಿನಿಯಮಿಗೆ ಅಂಟುವುದಿಲ್ಲ. ಕೆಂಪಗೆ ಕಾದ ನಟ್ಟು ತಣಿದು ಕಪ್ಪಾಗುವವರೆಗೆ ಕಾದು ಪಾನಾ ಹಾಕಿದರೆ ತುಂಡು ಕಿರುಗುಟ್ಟುತ್ತಾ ಹೊರಗೆ ಬಂತು. ಡ್ರಿಲ್ ಹಾಕಿ ತೆಗೆಯಲು ಹೋಗಿದ್ದರೆ ಮೆದುವಾದ ಅಲ್ಯೂಮಿನಿಯಮಿನ ಕಡೆಗೆ ಡ್ರಿಲ್ ಜಾರುತ್ತದೆ, ಎಳೆಗಳು ಹಾಳಾಗುತ್ತವೆ. ವೆಲ್ಡಿಂಗ್ ಮಾಡುವಾಗ ಕಾಯಿಲ್ ಮತ್ತು ಇಗ್ನಿಷನ್ ಪೆಟ್ಟಿಗೆಯನ್ನು ಬಿಚ್ಚಿ ದೂರ ಇಡುವುದನ್ನು ಮರೆಯಬೇಡಿ.

ಹೆಡ್ ತೆಗೆದ ಮೇಲೆ ಕಂಡದ್ದು ಉಪ್ಪಿನ ಗಣಿ. ಸಿಲಿಂಡರಿನ ಸುತ್ತ ತಂಪುನೀರು ಹರಿಯುವ ದಾರಿಗಳಲ್ಲಿ ಉಪ್ಪು, ನುಣ್ಣನೆಯ ಮರಳು, ಬಿಳಿ ಹುಡಿ ಸೇರಿ ಗಾರೆಯಾಗಿ ಕೂತಿತ್ತು. ಬಿಸಿಗೆ ತಕ್ಕಂತೆ ನೀರು ಬಿಡುವ ಥರ್ಮೋಸ್ಟಾಟ್ ಬಾಯಿ ಮುಚ್ಚಿ ಸತ್ತಿತ್ತು. ಎಂಜಿನ್ ಮುಳುಗದೆ ಇದ್ದರೂ ಇನ್ನೊಂದು ಮಳೆಗಾಲದಲ್ಲಿ ಬಿಸಿಯೇರಿ ಸೀಜ್ ಆಗುತ್ತಿತ್ತು ಎಂದರು. ಕಡಲಿನಿಂದ ಬಂದ ಮೇಲೆ ಪ್ರತಿಸಲ ಡ್ರಮ್ಮಿನ ಸಿಹಿನೀರಿನಲ್ಲಿ ಹತ್ತು ನಿಮಿಷ ಓಡಿಸಿ ಎಂದು ಎಂಜಿನ್ ಪುಸ್ತಕದಲ್ಲಿ ಬರೆದಿರುತ್ತದೆ. ಬೆಳಗಿನ ಜಾವ ಬಲೆಯಿಂದ ಮೀನು ಬಿಡಿಸಿ, ಹರಾಜಿಗೆ ಓಡುವ ಗಡಿಬಿಡಿಯಲ್ಲಿ ಅದನ್ನು ಯಾರು ಮಾಡುತ್ತಾರೆ ಎಂದು ನಾನೂ ಬಲ್ಲೆ. ವಾರಕ್ಕೊಮ್ಮೆಯಾದರೂ ಮಾಡಿ.

ಪಿಸ್ಟನ್ ಬಿಡಿಸಲು ಅವರು ಸಿಲಿಂಡರಿನ ಅಳತೆಗಿಂತ ತುಸು ಚಿಕ್ಕದಾದ ಹಲಸಿನ ಮರದ ಗುಂಡು ತುಂಡನ್ನು ಇಟ್ಟುಕೊಂಡಿದ್ದಾರೆ. ಪಿಸ್ಟನ್ ಅರ್ಧ ದಾರಿಯಲ್ಲಿದ್ದುದು ನಮ್ಮ ಅದೃಷ್ಟ. ತೀರಾ ಮೇಲೆಯೋ ಕೆಳಗೆಯೋ ನಿಂತಿದ್ದರೆ ಹೊಡೆತದ ಭಾರವೆಲ್ಲ ರಾಡ್ ಮತ್ತು ಬೇರಿಂಗಿನ ಮೇಲೆ ಬೀಳುತ್ತಿತ್ತು. ಮರದ ತುಂಡಿನ ಮೇಲೆ ಸಣ್ಣ ಸುತ್ತಿಗೆಯ ನಾಲ್ಕಾರು ಹಗುರ ಪೆಟ್ಟು, ಜೊತೆಗೆ ನಾನು ಫ್ಲೈವೀಲ್ ಹಿಡಿದು ಒತ್ತುವುದು. ತುಕ್ಕಿನ ಪಟ್ಟಿಯಿಂದ ಕಳಚಿಕೊಂಡು ಪಿಸ್ಟನ್ ಕೆಳಗಿಳಿಯಿತು. ಇಷ್ಟು ತಿಂಗಳು ಕಲ್ಲಾಗಿದ್ದದ್ದು ಅಂಗೈಯ ಒತ್ತಡಕ್ಕೆ ತಿರುಗತೊಡಗಿದಾಗ ಭಾವನ ಮುಖದಲ್ಲಿ ಆ ಬೇಸಿಗೆಯ ಮೊದಲ ನಗು ಕಂಡಿತು.

ನಗು ಬಹಳ ಹೊತ್ತು ಉಳಿಯಲಿಲ್ಲ. ತುಕ್ಕು ಒರೆಸಿದಾಗ ಕೆಳಗಿನ ಸಿಲಿಂಡರಿನ ಗೋಡೆಯಲ್ಲಿ ಗುಳಿಗಳು ಕಂಡವು, ಉಗುರಿಗೆ ತಡೆಯುವಷ್ಟು ಆಳ. ಉಗುರಿಗೆ ತಡೆಯದಿದ್ದರೆ ಹೋನಿಂಗ್ ಮಾಡಿ (ಗೋಡೆಯನ್ನು ತೆಳುವಾಗಿ ಉಜ್ಜಿ) ಹೊಸ ರಿಂಗ್ ಹಾಕಿ ಸಾಗಿಸಬಹುದು. ತಡೆದರೆ ಬೋರ್ ಹೊಡೆಸಲೇಬೇಕು, ಎಂದರೆ ಸಿಲಿಂಡರನ್ನು ಕೊರೆದು ಅಗಲ ಮಾಡಿಸಬೇಕು. ಎಂಜಿನ್ ಪೂರ್ತಿ ಬಿಚ್ಚಿದರು. ರಾಡ್‌ಗಳು ಬಾಗಿರಲಿಲ್ಲ. ಕ್ರ್ಯಾಂಕ್‌ಶಾಫ್ಟಿನ ಕೆಳಗಿನ ಬೇರಿಂಗ್ ತಿರುಗಿಸಿದರೆ ಮರಳು ಅರೆಯುವ ಶಬ್ದ. ಅದು ಮತ್ತು ಸೀಲ್‌ಗಳು ಹೊಸದಾಗಿ ಬೇಕು.

ಬಿಡಿಭಾಗದ ಪರ್ವ ಶುರುವಾದದ್ದು ಆಗ. ಪಿಸ್ಟನ್‌ಗಳು ಮೂಲ ಅಳತೆಗಿಂತ 0.25 ಮತ್ತು 0.50 ಮಿಲಿಮೀಟರ್ ದೊಡ್ಡದಾಗಿ ಸಿಗುತ್ತವೆ. ಗುಳಿಯ ಆಳಕ್ಕೆ 0.25 ಸಾಲದು ಎಂದು ಅಳತೆಯಲ್ಲಿ ತಿಳಿಯಿತು. ಎರಡು ಸಿಲಿಂಡರೂ ಒಂದೇ ಅಳತೆಗೆ ಬರಲಿ ಎಂದು ಚೆನ್ನಾಗಿದ್ದ ಮೇಲಿನದನ್ನೂ ಕೊರೆಸುವುದೆಂದಾಯಿತು. ನಗರದ ಒಂದು ಅಂಗಡಿಗೆ ಮುಂಗಡ ಕಟ್ಟಿ ಬಂದೆ. ನಾಲ್ಕು ದಿನ ಎಂದವರು ವಾರ ದಾಟಿಸಿದರು, ಬಂದದ್ದು ಮೂಲ ಅಳತೆಯ ಪಿಸ್ಟನ್. ಗ್ಯಾಸ್ಕೆಟ್ ಕಿಟ್ ಪೆಟ್ರೋಲ್ ಮಾದರಿಯದು. ಸೀಮೆಎಣ್ಣೆ ಎಂಜಿನ್‌ನಲ್ಲಿ ಸಂಕೋಚನ ಕಡಿಮೆ ಇರುವುದರಿಂದ ಹೆಡ್ ಬೇರೆ. ನೋಡಲು ಒಂದೇ, ಮಾದರಿ ಸಂಖ್ಯೆಯಲ್ಲಿ ಒಂದಕ್ಷರದ ವ್ಯತ್ಯಾಸ. ಮತ್ತೆ ವಾಪಸ್, ಮತ್ತೆ ಕಾಯುವಿಕೆ, ಮತ್ತೆ ಬಸ್ಸು. ನೀವು ಆರ್ಡರ್ ಮಾಡುವುದಾದರೆ ಎಂಜಿನ್‌ನ ಹಿಡಿಕೆಯ (ದೋಣಿಗೆ ಬಿಗಿಯುವ ಭಾಗದ) ಬದಿಯಲ್ಲಿರುವ ಮಾದರಿ ಸಂಖ್ಯೆಯ ಫಲಕದ ಫೋಟೊ ಕಳುಹಿಸಿ, ಹಳೆಯ ಭಾಗದ ಫೋಟೊ ಕಳುಹಿಸಿ, ಅಂಗಡಿಯವರು ಬರೆದುಕೊಂಡ ಸಂಖ್ಯೆಯನ್ನು ಒಮ್ಮೆ ಓದಿಸಿ ಕೇಳಿ. ಪಿಸ್ಟನ್ ಕೈಗೆ ಬರುವ ಮೊದಲು ಬೋರ್ ಹೊಡೆಸಬೇಡಿ. ಪಿಸ್ಟನ್ ಅಳೆದು ಅದಕ್ಕೆ ತಕ್ಕ ಸಡಿಲ ಬಿಟ್ಟು ಕೊರೆಯುವುದು ಕ್ರಮ.

ಲೇತ್‌ನವರು ಸಿಕ್ಕಿದ್ದು ಪುಣ್ಯ. ಹಿಂದೆ ಆರ್‌ಎಕ್ಸ್ 100 ಬೈಕುಗಳ ಬೋರ್ ಹೊಡೆದು ಕೈ ಪಳಗಿಸಿಕೊಂಡವರು, ಅವೂ ಟೂ ಸ್ಟ್ರೋಕ್. ಟೂ ಸ್ಟ್ರೋಕ್ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿರುತ್ತವೆ. ಕೊರೆದಾದ ಮೇಲೆ ಆ ಕಿಂಡಿಗಳ ಅಂಚು ಕತ್ತಿಯಷ್ಟು ಹರಿತವಾಗಿ ಉಳಿಯುತ್ತದೆ. ಅದನ್ನು ಉಜ್ಜಿ ಮೊಂಡು ಮಾಡದಿದ್ದರೆ ಹೊಸ ರಿಂಗ್ ಅಲ್ಲಿಗೆ ಸಿಕ್ಕಿ ಒಡೆಯುತ್ತದೆ. ನಾನು ಕೇಳುವ ಮೊದಲೇ ಅವರು ಅರ ಹಿಡಿದು ಕೂತಿದ್ದರು. ನಾಲ್ಕು ಸ್ಟ್ರೋಕಿನ ಬೈಕುಗಳನ್ನು ಮಾತ್ರ ನೋಡಿದ ಲೇತ್‌ಗೆ ಹೋಗುವುದಾದರೆ ಇದನ್ನು ಬಾಯಿಬಿಟ್ಟು ಹೇಳಿ.

ಜೋಡಣೆಯ ವಿವರಕ್ಕೆ ಹೆಚ್ಚು ಹೋಗುವುದಿಲ್ಲ, ಅದನ್ನು ಬಲ್ಲವರೇ ಮಾಡಬೇಕು. ಪಕ್ಕದಲ್ಲಿ ಕೂತವರು ಮೂರು ಸಂಗತಿಗಳ ಮೇಲೆ ಕಣ್ಣಿಡಬಹುದು: ರಿಂಗಿನ ಬಾಯಿ ಪಿಸ್ಟನ್ನಿನ ತೋಡಿನಲ್ಲಿರುವ ಸಣ್ಣ ಮೊಳೆಗೆ ಸರಿಯಾಗಿ ಕೂರಬೇಕು, ಪಿಸ್ಟನ್ ತಲೆಯ ಗುರುತು ಪುಸ್ತಕದಲ್ಲಿ ಹೇಳಿದ ದಿಕ್ಕಿಗೇ ಇರಬೇಕು, ಹೆಡ್ ಬೋಲ್ಟ್‌ಗಳನ್ನು ನಡುವಿನಿಂದ ಹೊರಕ್ಕೆ ಎರಡು ಹಂತದಲ್ಲಿ ಬಿಗಿತ ಅಳೆಯುವ ಟಾರ್ಕ್ ಪಾನಾದಿಂದ ಬಿಗಿಯಬೇಕು. ಪ್ರತಿ ಬೋಲ್ಟಿಗೂ ಕಡಲ ಎಂಜಿನ್‌ಗೆಂದೇ ಇರುವ ಗ್ರೀಸ್ ಹಚ್ಚಿಸಿ. ಮುಂದಿನ ಸಲ ಬಿಚ್ಚುವವರು ಹರಸುತ್ತಾರೆ. ನೀರಿನ ಪಂಪಿನ ರಬ್ಬರ್ ಚಕ್ರ ನೋಡಲು ಸರಿಯಿದ್ದರೂ ಹೊಸದು ಹಾಕಿಸಿದೆವು. ಅಷ್ಟು ಬಿಚ್ಚಿದ ಮೇಲೆ ಕೆಲವು ನೂರು ರೂಪಾಯಿಯ ಜಿಪುಣತನ ಬೇಡ.

ಖರ್ಚು ಎಲ್ಲರೂ ಕೇಳುತ್ತಾರೆ. ಪಿಸ್ಟನ್, ರಿಂಗ್, ಬೇರಿಂಗ್, ಸೀಲ್, ಗ್ಯಾಸ್ಕೆಟ್, ಪಂಪಿನ ಕಿಟ್ ಸೇರಿ ಹದಿನೈದು ಸಾವಿರದ ಆಸುಪಾಸು. ಲೇತ್, ವೆಲ್ಡಿಂಗ್, ಮಜೂರಿ, ರಿಕ್ಷಾ ಬಾಡಿಗೆ ಎಲ್ಲ ಕೂಡಿ ಇಪ್ಪತ್ತೈದರ ಒಳಗೆ ಮುಗಿಯಿತು. ಕ್ರ್ಯಾಂಕ್‌ಶಾಫ್ಟಿಗೂ ಏಟು ಬಿದ್ದಿದ್ದರೆ ಈ ಲೆಕ್ಕ ಕೈಮೀರುತ್ತಿತ್ತು, ಆಗ ನಾನೂ ಗುಜರಿಯವರ ಮಾತೇ ಕೇಳುತ್ತಿದ್ದೆ. ಸೀಮೆಎಣ್ಣೆಯೇ ಸರಿಯಾಗಿ ಸಿಗದ ಕಾಲದಲ್ಲಿ ಸೀಮೆಎಣ್ಣೆ ಎಂಜಿನ್‌ಗೆ ಇಷ್ಟು ಸುರಿಯಬೇಕೇ ಎಂದು ಕೇಳಿದವರಿದ್ದಾರೆ. ಪೆಟ್ರೋಲ್ ಅಥವಾ ಡೀಸೆಲ್ ಎಂಜಿನ್‌ಗೆ ಬದಲಾಯಿಸುವ ನಾಡದೋಣಿಗಳಿಗೆ ತಲಾ 50 ಸಾವಿರ ರೂಪಾಯಿ ಸಹಾಯಧನವನ್ನು ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಘೋಷಿಸಿತ್ತು. ಒಳ್ಳೆಯದೇ. ಆದರೆ ಉಳಿದ ಮೊತ್ತ ಕೈಯಿಂದ ಹಾಕಬೇಕು, ಮಳೆಗಾಲ ಅದಕ್ಕಾಗಿ ಕಾಯುವುದಿಲ್ಲ.

ದಾಖಲೆಯ ವಿಷಯ ಒಂದಿದೆ. ಸೀಮೆಎಣ್ಣೆ ರಹದಾರಿಗೆ ಎಂಜಿನ್ ತಪಾಸಣೆಗೆ ತೋರಿಸುವಾಗ ಫಲಕದ ಸಂಖ್ಯೆ ದಾಖಲೆಯ ಸಂಖ್ಯೆಗೆ ಹೊಂದಬೇಕು. ನಮ್ಮ ಫಲಕದ ಅರ್ಧ ಅಂಕೆಗಳು ಬಿಳಿ ಹುಡಿಯಡಿ ಹೂತಿದ್ದವು. ಉಪ್ಪುಕಾಗದ ಮುಟ್ಟಿಸಬೇಡಿ, ಅಂಕೆಗಳೇ ಅಳಿಸಿಹೋಗುತ್ತವೆ. ಹಳೆಯ ಹಲ್ಲುಜ್ಜುವ ಬ್ರಷ್ಷು, ವಿನೆಗರ್, ಆಮೇಲೆ ಸಿಹಿನೀರು. ಅಂಕೆಗಳು ಎದ್ದು ಬಂದವು. ಎಂಜಿನ್‌ಗೆ ಬಣ್ಣ ಹೊಡೆಸುವಾಗ ಫಲಕಕ್ಕೆ ಟೇಪ್ ಅಂಟಿಸಿ. ನೋಂದಣಿ ಪತ್ರ, ಮೀನುಗಾರಿಕಾ ಪರವಾನಗಿ, ಎಂಜಿನ್ ಖರೀದಿ ಬಿಲ್ಲು, ಈಗಿನ ರಿಪೇರಿ ಬಿಲ್ಲು ಒಂದೇ ಕಡೆ ಇರಲಿ. ಹಳೆಯ ಎಂಜಿನ್ ಕೊಂಡು ಅದರ ಇಡೀ ಮೇಲ್ಭಾಗವನ್ನು ನಮ್ಮದಕ್ಕೆ ಕೂರಿಸಿಬಿಡಿ ಎಂಬ ಸಲಹೆ ನಮಗೂ ಬಂದಿತ್ತು. ಅಗ್ಗವೇ, ಆದರೆ ಬಿಲ್ಲಿಲ್ಲದ ಎಂಜಿನ್ ಕದ್ದ ಮಾಲೋ ಅಲ್ಲವೋ ಹೇಳುವವರು ಯಾರು?

ಮೊದಲ ಸಲ ಚಾಲು ಮಾಡಿದ್ದು ಡ್ರಮ್ಮಿನಲ್ಲಿ, ಬರೀ ಪೆಟ್ರೋಲಿನಲ್ಲಿ, ಲೀಟರಿಗೆ 40 ಮಿಲಿಲೀಟರ್ ಎಣ್ಣೆ ಬೆರೆಸಿ. ಮಾಮೂಲಿಗಿಂತ ಇದು ಎರಡು ಪಟ್ಟು. ಬಿಳಿ ಹೊಗೆ ಇಡೀ ಅಂಗಳ ತುಂಬಿತು, ನಾಯಿ ಓಡಿತು. ಎಲ್ಲರ ಕಣ್ಣೂ ಎಂಜಿನ್‌ನ ಹಿಂಬದಿಯ ಸಣ್ಣ ತೂತಿನ ಮೇಲೆ: ತಂಪುನೀರಿನ ಎಳೆ ಅಲ್ಲಿಂದ ಚಿಮ್ಮಬೇಕು. ಕೆಲವು ಕ್ಷಣ ಏನೂ ಬರಲಿಲ್ಲ. ನಿಲ್ಲಿಸಿ ಎಂದು ನಾನು ಕೈ ಎತ್ತುವಷ್ಟರಲ್ಲಿ ಕೆಸರುಬಣ್ಣದ ನೀರು ಉಗುಳಿ, ಮತ್ತೆ ತಿಳಿಯಾಗಿ ಹರಿಯಿತು. ಮೊದಲ ಹತ್ತು ಗಂಟೆ ಪೂರ್ತಿ ವೇಗ ಕೊಡಬಾರದು, ಒಂದೇ ವೇಗದಲ್ಲಿ ಬಹಳ ಹೊತ್ತು ಓಡಿಸಲೂಬಾರದು. ಭಾವ ಅದನ್ನು ಪಂಚಗಂಗಾವಳಿಯ ಹೊಳೆಯೊಳಗೇ ಮುಗಿಸಿದ, ಕಡಲಿಗೆ ಇಳಿಸಲಿಲ್ಲ. ಆಮೇಲೆ ಸೀಮೆಎಣ್ಣೆ. ದಡಕ್ಕೆ ಬರುವ ಮೊದಲು ಕೆಲವು ನಿಮಿಷ ಪೆಟ್ರೋಲಿಗೆ ಬದಲಾಯಿಸಿಯೇ ನಿಲ್ಲಿಸುತ್ತಾನೆ. ಕಾರ್ಬ್ಯುರೇಟರಿನಲ್ಲಿ ಸೀಮೆಎಣ್ಣೆ ಉಳಿದರೆ ಮರುದಿನ ತಣ್ಣಗಿನ ಎಂಜಿನ್ ಏಳುವುದಿಲ್ಲ.

ತೂಫಾನ್ ಇಳಿದ ಮೇಲೆ ದೋಣಿ ಹೊರಟಿದೆ, ಸಿಗಡಿ ಸಿಕ್ಕಿದೆ, ಸಂಘದ ಒಂದು ಕಂತೂ ಕಟ್ಟಿಯಾಗಿದೆ. ಒಂದು ಕೆಲಸ ಮಾತ್ರ ಬಾಕಿ. ಮೊನ್ನೆ ಗೇರ್ ಕೇಸಿನ ಎಣ್ಣೆ ಇಳಿಸಿ ನೋಡಿದರೆ ಮತ್ತೆ ತುಸು ಬೆಳ್ಳಗಾಗಿದೆ. ಪ್ರೊಪೆಲ್ಲರ್ ಶಾಫ್ಟಿನಲ್ಲಿ ಸೀಲ್ ಕೂರುವ ಜಾಗದಲ್ಲೇ ತುಕ್ಕಿನ ಗೀರು ಬಿದ್ದಿರಬೇಕು ಎನ್ನುತ್ತಾರೆ ಮೆಕ್ಯಾನಿಕ್. ಹಾಗಿದ್ದರೆ ಸೀಲ್ ಎಷ್ಟು ಸಲ ಹೊಸದು ಹಾಕಿದರೂ ಅಷ್ಟೆ, ಶಾಫ್ಟನ್ನೇ ಬದಲಾಯಿಸಬೇಕು. ನೂಲ ಹುಣ್ಣಿಮೆ ಕಳೆದ ಮೇಲೆ ಬಿಚ್ಚುವುದೆಂದು ಮಾತಾಗಿದೆ. ಅಲ್ಲಿಯವರೆಗೆ ವಾರಕ್ಕೊಮ್ಮೆ ಗೇರ್ ಎಣ್ಣೆ ಬದಲಾಯಿಸಿಕೊಂಡು ಹೋಗುತ್ತಿದ್ದೇವೆ.